ನಂಬಿಕೆಯ ನಿರಾಕರಣೆ ಮತ್ತು ತಂಡದ ಸಂಬಂಧ

ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಳಲ್ಲಿ ಬರುವ ತಂಡಗಳನ್ನು ಕುರಿತ ವಿಮರ್ಶೆಯು ಸಾಮಾನ್ಯವಾಗಿ ಒಂದು ಗೃಹೀತದಿಂದ ಹೊರಡುತ್ತದೆ: ಅಪರಿಚಿತರು ಕ್ರಮೇಣ ಒಂದು ಕುಟುಂಬವಾಗುತ್ತಾರೆ, ಆ ಸಾಮೀಪ್ಯವೇ ಸಂಬಂಧದ ಬೆಳವಣಿಗೆ. ಟೆರಿ ನೇಷನ್ ರೂಪಿಸಿದ, 1978ರಿಂದ 1981ರವರೆಗೆ ಬಿಬಿಸಿಯಲ್ಲಿ 52 ಕಂತುಗಳಾಗಿ ಪ್ರಸಾರವಾದ 'ಬ್ಲೇಕ್ಸ್ ಸೆವೆನ್' ಈ ಗೃಹೀತವನ್ನು ಅಲುಗಿಸುತ್ತದೆ.

ಇಲ್ಲಿನ ತಂಡದಲ್ಲಿ ಬಹುಪಾಲು ಶಿಕ್ಷೆಗೊಳಗಾದ ಕೈದಿಗಳಿದ್ದಾರೆ. ಬ್ಲೇಕ್‌ಗೆ ಪ್ರಭುತ್ವದ ವಿರುದ್ಧದ ಬಂಡಾಯ ಮುಖ್ಯ. ಗಣಕತಜ್ಞ ಏವನ್‌ಗೆ ಸ್ವಂತ ಉಳಿವು. ಏವನ್ ಬ್ಲೇಕ್‌ನ ಆದರ್ಶವನ್ನು ಹೀಯಾಳಿಸುತ್ತಲೇ ಅವನ ಪ್ರಾಣ ಉಳಿಸುತ್ತಾನೆ. ಎರಡನೆಯ ಸರಣಿಯ ನಂತರ ಬ್ಲೇಕ್ ಕಾಣೆಯಾಗುತ್ತಾನೆ. (ನಟ ಗ್ಯಾರೆತ್ ಥಾಮಸ್ ಹೊರನಡೆದದ್ದು ಇದಕ್ಕೆ ಕಾರಣ. ಕಥನದ ತಿರುವುಗಳ ಹಿಂದಿನ ಇಂಥ ಲೌಕಿಕ ಕಾರಣಗಳನ್ನು ನಮ್ಮ ಕಥನಶಾಸ್ತ್ರ ಅಷ್ಟಾಗಿ ಲೆಕ್ಕಿಸುವುದಿಲ್ಲ.) ಆ ಗೈರುಹಾಜರಿಯಲ್ಲಿ ಏವನ್ ಒಲ್ಲದ ನಾಯಕನಾಗುತ್ತಾನೆ.

1981ರ 'ಆರ್ಬಿಟ್' ಕಂತಿನಲ್ಲಿ ನೌಕೆ ಮೇಲೇರಲು ಸುಮಾರು 70 ಕಿಲೋ ಭಾರ ಇಳಿಸಬೇಕು. ವಿಲಾನ ತೂಕ 73 ಕಿಲೋ ಎಂದು ಯಂತ್ರ ತಿಳಿಸುತ್ತದೆ. ಏವನ್ ಆಯುಧ ಹಿಡಿದು ಹಳೆಯ ಸಂಗಾತಿಯನ್ನು ಹುಡುಕುತ್ತಾನೆ. ಮೆಲುದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾನೆ. ಬೇರೊಂದು ಉಪಾಯ ಸಿಕ್ಕಿ ಇಬ್ಬರೂ ಉಳಿಯುತ್ತಾರೆ. ಆದರೆ ವಿಲಾ ಆ ದನಿಯನ್ನು ಕೇಳಿಯಾಗಿದೆ.

1981ರ ಡಿಸೆಂಬರ್ 21ರ ಅಂತಿಮ ಕಂತಿನಲ್ಲಿ ಏವನ್, ಬ್ಲೇಕ್ ತಮ್ಮನ್ನು ಮಾರಿದನೆಂದು ತಪ್ಪಾಗಿ ತಿಳಿದು ಅವನಿಗೆ ಗುಂಡಿಕ್ಕುತ್ತಾನೆ. ಇದನ್ನು ಸಂಬಂಧದ ಕುಸಿತವೆಂದು ಓದುವುದು ಸುಲಭ. ನನ್ನ ದೃಷ್ಟಿಯಲ್ಲಿ ಅದು ಬೆಳವಣಿಗೆಯ ತುದಿ. ನಂಬಿಕೆಯನ್ನೇ ನಿರಾಕರಿಸುತ್ತ ಬಂದ ಏವನ್ ಬ್ಲೇಕ್‌ನಿಂದ ಏನನ್ನೂ ನಿರೀಕ್ಷಿಸಿರದಿದ್ದರೆ, ಅವನಲ್ಲಿ ದ್ರೋಹದ ಭಾವ ಹುಟ್ಟಲು ಅವಕಾಶವೇ ಇರಲಿಲ್ಲ.