ದೂರದಲ್ಲಿ ಹಚ್ಚಿದ ಕಿಡಿ

ಫಿನ್ಲೆಂಡಿನ ಲಾಹ್ತಿ ಪಟ್ಟಣದ ಜಿಲ್ಲಾ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ಸೈಮನ್ ಎಕ್ಪಾ ಎಂಬಾತನಿಗೆ ಆರು ವರ್ಷಗಳ ಸೆರೆವಾಸ ವಿಧಿಸಿತು. ನೈಜೀರಿಯಾದ ಮೂಲದವನಾದ ಈತ ಫಿನ್ಲೆಂಡಿನ ಪೌರನಾಗಿ, ಅಲ್ಲಿನ ಸ್ಥಳೀಯ ರಾಜಕಾರಣದಲ್ಲಿಯೂ ಇದ್ದವನು. ತಾಯ್ನಾಡಿನ ಆಗ್ನೇಯ ಭಾಗವು ಬಿಯಾಫ್ರ ಎಂಬ ಪ್ರತ್ಯೇಕ ರಾಷ್ಟ್ರವಾಗಬೇಕೆಂಬುದು ಅವನ ಹಂಬಲ. ಹಂಬಲಿಸಿದ್ದಕ್ಕೆ ಶಿಕ್ಷೆಯಾಗಲಿಲ್ಲ. ಅಲ್ಲಿನ ಸಶಸ್ತ್ರ ಗುಂಪುಗಳಿಗೆ ಆಯುಧ, ಸ್ಫೋಟಕಗಳು ದೊರೆಯುವಂತೆ ಮಾಡಿದನು, ಅನುಯಾಯಿಗಳನ್ನು ಅಪರಾಧಕ್ಕೆ ಪ್ರಚೋದಿಸಿದನು ಎಂದು ನ್ಯಾಯಾಲಯ ತೀರ್ಮಾನಿಸಿತು. ಆರೋಪಗಳನ್ನು ಆತ ಅಲ್ಲಗಳೆದಿದ್ದನು.

ನೇತ್ರಾವತಿ, ಕುಮಾರಧಾರೆಗಳು ಕೂಡುವ ಉಪ್ಪಿನಂಗಡಿಯಲ್ಲಿ ಕುಳಿತವರಿಗೆ ಈ ವಾರ್ತೆಯಿಂದೇನು ಎಂದು ಓದುಗರು ಕೇಳಬಹುದು. ಇಂತಹ ಕಿಡಿಯ ಸುಡುವಿಕೆಯನ್ನು ನಮ್ಮ ದೇಶವೂ ನಮ್ಮ ರಾಜ್ಯವೂ ಕಂಡಿವೆ. 1985ರ ಜೂನ್ 23ರಂದು ಕೆನಡಾದಿಂದ ಹೊರಟ ‘ಕನಿಷ್ಕ’ ವಿಮಾನವು ಬಾಂಬಿಗೆ ಸಿಡಿದು 329 ಮಂದಿ ಅಸುನೀಗಿದರು. ಸಂಚು ರೂಪುಗೊಂಡದ್ದು ಕೆನಡಾದಲ್ಲಿ ನೆಲೆಸಿದ್ದ ಖಲಿಸ್ತಾನವಾದಿಗಳ ನಡುವೆ. ಅಲ್ಲಿನ ಗುಪ್ತಚರ ಸಂಸ್ಥೆ ಧ್ವನಿಮುದ್ರಿಕೆಗಳನ್ನು ಅಳಿಸಿಹಾಕಿತು; 2005ರಲ್ಲಿ ಇಬ್ಬರು ಪ್ರಮುಖ ಆರೋಪಿಗಳು ಖುಲಾಸೆಯಾದರು; ಶಿಕ್ಷೆಯಾದದ್ದು ಒಬ್ಬನಿಗೆ ಮಾತ್ರ. 1991ರ ಆಗಸ್ಟಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯ ಸಂಚುಗಾರ ಶಿವರಸನ್ ತನ್ನ ಸಂಗಡಿಗರೊಡನೆ ಸತ್ತುಬಿದ್ದದ್ದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ. ಅವನ ಸಂಘಟನೆಗೆ ಹಣ ಹರಿದುಬರುತ್ತಿದ್ದುದು ಅನೇಕ ದೂರದೇಶಗಳಿಂದ.

ಇಂದಿನ ಬಂಡಾಯಗಾರನೇ ನಾಳಿನ ದೇಶಭಕ್ತನಾಗಲಾರನೇ ಎಂಬ ಆಕ್ಷೇಪವುಂಟು. ಅದನ್ನು ತಳ್ಳಿಹಾಕಲಾಗದು. ನಮ್ಮ ಸೀಮೆಯ ರೈತರೇ 1837ರಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿಗೆ ನಡೆದರು. ಕಂಪನಿ ಸರಕಾರದ ಕಣ್ಣಿಗೆ ಅವರು ದಂಗೆಕೋರರು. ನಮ್ಮ ಪಾಲಿಗೆ ಸ್ವಾತಂತ್ರ್ಯವೀರರು. ಆದರೆ ಅವರ ಮುಂದಾಳುಗಳು ಜನರೊಡನೆಯೇ ನಡೆದು, ಕೊನೆಗೆ ತಮ್ಮ ಕೊರಳನ್ನೇ ಒಡ್ಡಿದರು. ಗುಡ್ಡೆಮನೆ ಅಪ್ಪಯ್ಯಗೌಡರು ಮಡಿಕೇರಿಯಲ್ಲಿ ಗಲ್ಲಿಗೇರಿದರು. ಅವರ ಎದುರಾಳಿ ಪರದೇಶದ ಆಳ್ವಿಕೆಯೇ ಹೊರತು ವಿಮಾನದಲ್ಲಿ ಮಲಗಿದ್ದ ಹಸುಳೆಯಲ್ಲ. ತಾನು ಬೆಚ್ಚಗೆ ಕುಳಿತು ಪರರ ಮಕ್ಕಳ ಕೈಗೆ ಕೋವಿ ಕೊಡುವವನನ್ನು ಅವರ ಸಾಲಿನಲ್ಲಿ ಕೂರಿಸುವುದು ಅನ್ಯಾಯ.

ಹಾಗೆಂದು ಒಬ್ಬ ನಾಯಕನ ಪಾಪವನ್ನು ಅವನ ಸಮುದಾಯದ ತಲೆಗೆ ಕಟ್ಟುವುದು ಅಷ್ಟೇ ದೊಡ್ಡ ಅನ್ಯಾಯ. 1988ರಲ್ಲಿ ಬೀದರಿನಲ್ಲಿ, ಗುರುನಾನಕರ ನೆನಪಿನ ಝರಿ ಹರಿಯುವ ಆ ಊರಿನಲ್ಲಿ, ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳು ಗುಂಪಿನ ರೋಷಕ್ಕೆ ಬಲಿಯಾದರು. ಕನಿಷ್ಕದ ಸಂಚಿಗೂ ಆ ಹುಡುಗರಿಗೂ ಏನು ಸಂಬಂಧ? ನ್ಯಾಯಾಲಯ ನಿಧಾನವಾಗಿ ನಡೆಯುತ್ತದೆ, ಸಾಕ್ಷ್ಯ ಕೇಳುತ್ತದೆ, ಕೆಲವೊಮ್ಮೆ ಬರಿಗೈಯಲ್ಲಿ ನಿಲ್ಲುತ್ತದೆ. ಗುಂಪಾದರೋ ಸಾಕ್ಷ್ಯವನ್ನೇ ಕೇಳುವುದಿಲ್ಲ. ಲಾಹ್ತಿಯ ತೀರ್ಪಿನ ಬೆಲೆಯಿರುವುದು ಇಲ್ಲಿಯೇ: ಅದು ಒಬ್ಬ ವ್ಯಕ್ತಿಯ ಕೃತ್ಯವನ್ನು ತೂಗಿತು, ಅವನ ಜನಾಂಗವನ್ನಲ್ಲ.

ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಕೊಲ್ಲಿ ದೇಶಗಳಲ್ಲಿ, ಅಮೆರಿಕ, ಕೆನಡಾಗಳಲ್ಲಿ ದುಡಿಯುತ್ತಿದ್ದಾರೆ. ಊರಿನ ಹಂಬಲ ಅವರನ್ನು ಕಾಡುವುದು ಸಹಜ. ಆ ಹಂಬಲವನ್ನೇ ಬಂಡವಾಳ ಮಾಡಿಕೊಳ್ಳುವವರೂ ಎಲ್ಲೆಡೆ ಇರುತ್ತಾರೆ. ಯಾವ ಹೆಸರಿನ ನಿಧಿಯೇ ಇರಲಿ, ದೇಣಿಗೆ ನೀಡುವ ಮುನ್ನ ಲೆಕ್ಕ ಕೇಳಿರೆಂದು ತಂದೆತಾಯಿಗಳು ಅವರಿಗೆ ತಿಳಿಹೇಳಬೇಕು. ಆವೇಶದ ಮಾತೊಂದನ್ನು ಊರಿಗೆ ರವಾನಿಸುವ ಮೊದಲು, ಅದರಿಂದ ಹೊತ್ತುವ ಬೆಂಕಿ ಯಾರ ಮಾಡನ್ನು ಸುಟ್ಟೀತೆಂದು ಒಮ್ಮೆ ಯೋಚಿಸಲಿ. ದೂರದಲ್ಲಿರುವವನಿಗೆ ಹೊಗೆಯೂ ತಾಗದು. ಬೂದಿಯನ್ನು ಬಳಿಯಬೇಕಾದವರು ಊರಿನಲ್ಲಿ ಉಳಿದವರು.