ಗೋಡೆಯೊಳಗಿನ ಕೊಳ

ಪ್ರಕೃತಿಯ ಒಂದು ತುಣುಕಾದರೂ ತನ್ನ ಮನೆಯಲ್ಲಿರಬೇಕೆಂಬ ಹಂಬಲ ಮನುಷ್ಯನಿಗೆ ಹೊಸದಲ್ಲ. ಅಂಗಳದ ತುಳಸಿ, ಜಗುಲಿಯ ಬದಿಯ ಮಲ್ಲಿಗೆ ಬಳ್ಳಿ, ಕೊಟ್ಟಿಗೆಯ ಹಸು, ಸೂರಿನಲ್ಲಿ ಗೂಡು ಕಟ್ಟಿದ ಗುಬ್ಬಿ, ಇವೆಲ್ಲವೂ ಹಿಂದಿನ ಮನೆಗಳಲ್ಲಿ ಬಾಳಿನ ಸಂಗಾತಿಗಳಾಗಿದ್ದವು. ಅಂಗಳವೇ ಇಲ್ಲದ ನಗರದ ಮನೆಗಳಲ್ಲಿ ಆ ಹಂಬಲ ಬೇರೊಂದು ದಾರಿಯನ್ನು ಹಿಡಿದಿದೆ. ನಡುಮನೆಯ ಗೋಡೆಯನ್ನು ಕೊರೆದು, ಅದರೊಳಗೆ ಗಾಜಿನ ತೊಟ್ಟಿಯನ್ನು ಕೂರಿಸಿ, ಬಣ್ಣಬಣ್ಣದ ಮೀನುಗಳನ್ನು ಬಿಡುವುದು ಅಂಥ ಒಂದು ದಾರಿ. ದೂರದಿಂದ ನೋಡಿದರೆ ಅದು ಚೌಕಟ್ಟಿನೊಳಗಿನ ಚಿತ್ರದಂತೆ ತೋರುತ್ತದೆ. ಅದರ ಚೆಲುವು ಇರುವುದು ಇದರಲ್ಲಿಯೇ, ಅಪಾಯವಿರುವುದೂ ಇದರಲ್ಲಿಯೇ. ಚಿತ್ರವನ್ನು ಗೋಡೆಗೆ ತೂಗುಹಾಕಿ ಮರೆತುಬಿಡಬಹುದು. ಜೀವವನ್ನು ಹಾಗೆ ಮರೆಯಲಾಗದು.

ಗಾಜಿನ ತೊಟ್ಟಿಯ ಆರಂಭದ ಚರಿತ್ರೆಯನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. 1832ರಲ್ಲಿ ಫ್ರಾನ್ಸ್ ದೇಶದ ಝಾನ್ ವಿಲ್‌ಪ್ರೊ-ಪವರ್ ಎಂಬ ಮಹಿಳೆ ಸಿಸಿಲಿ ದ್ವೀಪದಲ್ಲಿ ಕಡಲಿನ ಜೀವಿಗಳ ಬಾಳನ್ನು ಅಭ್ಯಾಸ ಮಾಡುವುದಕ್ಕೆಂದು ಗಾಜಿನ ತೊಟ್ಟಿಗಳನ್ನು ಬಳಸಿದಳು. 1850ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಒಂದೇ ತೊಟ್ಟಿಯಲ್ಲಿ ಹೊಂಬಣ್ಣದ ಮೀನು, ನೀರುಗಿಡ, ಬಸವನಹುಳು ಇವನ್ನು ಕೂಡಿಸಿದ ಪ್ರಯೋಗವನ್ನು ಲೋಕದ ಮುಂದಿಟ್ಟನು. ಗಿಡವು ಮೀನಿಗೆ ಪ್ರಾಣವಾಯುವನ್ನು ಒದಗಿಸಿತು. ಕೊಳೆತ ಎಲೆಗಳನ್ನು ಹುಳು ತಿಂದು ನೀರನ್ನು ತಿಳಿಯಾಗಿರಿಸಿತು. ಜೀವಜೀವಗಳ ನಡುವಿನ ಹೊಂದಾಣಿಕೆಯನ್ನು ಅರಿತ ಮೇಲೆಯೇ ತೊಟ್ಟಿಯೊಳಗೆ ಮೀನು ಬಾಳಿತು. ಅರಿವು ಮುಂದೆ, ಅಲಂಕಾರ ಹಿಂದೆ. ಇದೇ ಸರಿಯಾದ ಕ್ರಮ.

ಗೋಡೆಯೊಳಗಿನ ತೊಟ್ಟಿಗೆ ಬೇಕಾದ ಮೊದಲ ಅರಿವು ಭಾರದ್ದು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಸುಮಾರು 250 ಲೀಟರ್ ನೀರನ್ನು ಹಿಡಿಯುತ್ತದೆ. ಲೀಟರೊಂದಕ್ಕೆ ಒಂದು ಕಿಲೋಗ್ರಾಂ. ಗಾಜು, ಮರಳು, ಕಲ್ಲುಗಳು ಸೇರಿದರೆ ತೂಕ 300 ಕಿಲೋಗ್ರಾಂ ದಾಟುತ್ತದೆ. ಇಷ್ಟು ಭಾರವನ್ನು ಕೊರೆದ ಗೋಡೆಯ ಮೇಲೆ ಹೊರಿಸುವುದು ವಿವೇಕವಲ್ಲ. ನೆಲದಿಂದಲೇ ಎದ್ದು ನಿಂತ ಗಟ್ಟಿಯಾದ ಪೀಠ ಅದನ್ನು ಹೊರಬೇಕು. ಮಹಡಿಯ ಮನೆಯಾದರೆ ನೆಲಕ್ಕೆ ಆ ಶಕ್ತಿಯಿದೆಯೇ ಎಂಬುದನ್ನೂ ವಿಚಾರಿಸಬೇಕು. ಗೋಡೆಯು ಮೇಲಿನ ಮಾಳಿಗೆಯನ್ನು ಹೊತ್ತಿದ್ದರೆ, ಬಲ್ಲ ಎಂಜಿನಿಯರನ್ನು ಕೇಳದೆ ಅದಕ್ಕೆ ಉಳಿ ತಾಗಿಸಬಾರದು.

ಇದಕ್ಕಿಂತಲೂ ಮುಖ್ಯವಾದುದು ಹಿಂಬದಿಯ ಬಾಗಿಲು. ಮುಂದಿನ ಗಾಜು ನೋಡುವವರಿಗಾಗಿ. ಹಿಂದಿನ ಜಾಗ ಮೀನಿಗಾಗಿ. ಗೋಡೆ ನುಣುಪಾಗಿ ಕಾಣಲೆಂದು ಎಲ್ಲ ಬದಿಯನ್ನೂ ಮುಚ್ಚಿ, ಮೇಲೆ ಅಂಗೈಯಗಲದ ಕಿಂಡಿಯನ್ನು ಮಾತ್ರ ಉಳಿಸುವವರಿದ್ದಾರೆ. ಅಲ್ಲಿ ಕೈ ತಳ ಮುಟ್ಟುವುದಿಲ್ಲ, ಪಾಚಿ ಉಜ್ಜಲಾಗುವುದಿಲ್ಲ, ಸತ್ತ ಮೀನನ್ನು ತೆಗೆಯುವುದೂ ಕಷ್ಟ. ಆರೈಕೆ ಕಷ್ಟವಾದಷ್ಟೂ ಮುಂದೂಡಿಕೆ ಹೆಚ್ಚುತ್ತದೆ. ಮುಂದೂಡಿಕೆಯ ಫಲವನ್ನು ಉಣ್ಣುವುದು ಮೂಕಜೀವಿ.

ಎರಡನೆಯ ಅರಿವು ಕಣ್ಣಿಗೆ ಕಾಣದ್ದು. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯಾ ಎಂಬ ವಿಷ ಸೇರುತ್ತದೆ. ಅದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಅಷ್ಟೇನೂ ಕೆಡುಕಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವವು ಮರಳಿನಲ್ಲೂ ಫಿಲ್ಟರಿನಲ್ಲೂ ನೆಲೆಸುವ ಸೂಕ್ಷ್ಮಾಣುಗಳು. ಹೊಸ ತೊಟ್ಟಿಯಲ್ಲಿ ಇವು ಬೇರೂರುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಆದರೆ ಗೃಹಪ್ರವೇಶದ ಮುನ್ನಾದಿನ ನೀರು ತುಂಬಿ, ಮರುದಿನ ಬಂಧುಗಳು ಬರುವ ವೇಳೆಗೆ ಹತ್ತಾರು ಮೀನುಗಳನ್ನು ತಂದು ಬಿಡುವ ಆತುರ ಈ ಲೆಕ್ಕವನ್ನು ಕೇಳುವುದಿಲ್ಲ. ಸೇಸೆಯ ಅಕ್ಕಿ ಗುಡಿಸುವಷ್ಟರಲ್ಲಿ ಮೀನುಗಳು ತೇಲತೊಡಗುತ್ತವೆ. ಮನೆಯವರು ಅಂಗಡಿಯವನನ್ನು ದೂರಿ, ಹೊಸ ಮೀನು ತಂದು, ಅದೇ ತಪ್ಪನ್ನು ಮತ್ತೆ ಮಾಡುತ್ತಾರೆ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಅದು ಗಾಳ ಹಾಕಿ ಮೀನು ಹಿಡಿಯುವ ವಿನೋದವನ್ನು ಕುರಿತದ್ದು. ಅಲ್ಲಿಯೂ ಮೀನುಗಳ ಬಗೆಗಳನ್ನೂ ಅವುಗಳ ಆಹಾರವನ್ನೂ ವಿವರಿಸಲಾಗಿದೆ. ಹಿಡಿಯುವವನಿಗೇ ಇಷ್ಟು ತಿಳಿವಳಿಕೆ ಬೇಕಾದರೆ, ಸಾಕುವವನಿಗೆ ಇನ್ನೆಷ್ಟು ಬೇಕು!

ಮೀನಿನ ತೊಟ್ಟಿ ಮಕ್ಕಳಿಗೆ ಪಾಠಶಾಲೆಯಲ್ಲವೇ, ದಣಿದ ಕಣ್ಣಿಗೆ ತಂಪಲ್ಲವೇ ಎಂದು ಕೇಳುವವರುಂಟು. ನಿಜ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸುವ, ನಲ್ಲಿಯ ನೀರಿನ ಕ್ಲೋರಿನ್ ಹೋಗಲೆಂದು ಅದನ್ನು ಮೊದಲೇ ತೆರೆದಿಡುವ, ವಿದ್ಯುತ್ತು ಹೋದಾಗ ಗಾಳಿಯ ಪಂಪಿನ ಚಿಂತೆ ಮಾಡುವ ಮಗು ಯಾವ ಪುಸ್ತಕವೂ ಕಲಿಸದ ಹೊಣೆಯನ್ನು ಕಲಿಯುತ್ತದೆ. ಆದರೆ ಆಳೊಬ್ಬನಿಗೆ ಎಲ್ಲವನ್ನೂ ಒಪ್ಪಿಸಿ, ಸೋಫಾದಲ್ಲಿ ಕುಳಿತು ನೋಡುವ ಮಗು ಕಲಿಯುವ ಪಾಠ ಬೇರೆ: ಜೀವವೆಂಬುದು ಕೊಳ್ಳಬಹುದಾದ, ಹಾಳಾದರೆ ಬದಲಿಸಬಹುದಾದ ವಸ್ತು ಎಂಬುದು.

ಬೇಸರ ಬಂದಾಗ ಮೀನುಗಳನ್ನು ಊರ ಕೆರೆಗೆ ಬಿಡುವುದೂ ದಯೆಯಲ್ಲ. ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆಂದು ಬಂದ, ತೊಟ್ಟಿಯ ಪಾಚಿ ತಿನ್ನುವ ಸಕ್ಕರ್ ಮೀನು ಹೀಗೆ ಹೊರಬಿದ್ದು ಭಾರತದ ಹಲವು ಕೆರೆ ಹೊಳೆಗಳಲ್ಲಿ ಹಬ್ಬಿದೆ. ನಾಡಿನ ಮೀನುಗಳಿಗೂ ಬೆಸ್ತರ ಬಲೆಗಳಿಗೂ ಕಂಟಕವಾಗಿದೆ.

ಮೀನನ್ನು ನೋಡಿ ಸಂತೋಷಪಡಲು ಅದು ಗೋಡೆಯೊಳಗೇ ಇರಬೇಕೆಂದಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ ದೊಡ್ಡ ದೊಡ್ಡ ಮೀನುಗಳು ನಿರ್ಭಯವಾಗಿ ತೇಲಿಬರುತ್ತವೆ. ಅವಕ್ಕೆ ಒಡೆಯರಿಲ್ಲ, ಅವುಗಳಿಗೆ ಬೇಕಾದುದನ್ನು ಹೊಳೆ ನೋಡಿಕೊಳ್ಳುತ್ತದೆ. ತೊಟ್ಟಿಯ ಮೀನಿಗಾದರೋ ಮನೆಯವರೇ ಹೊಳೆ. ಆದುದರಿಂದ ಗೋಡೆಗೆ ಉಳಿ ತಾಗಿಸುವ ಮುನ್ನ ಮನೆಮಂದಿ ಒಟ್ಟಾಗಿ ಕುಳಿತು, ಪ್ರತಿವಾರ ನೀರು ಬದಲಿಸುವವರು ಯಾರೆಂದು ಕೇಳಿಕೊಳ್ಳುವುದು ಲೇಸು. ಅದಕ್ಕೊಂದು ಹೆಸರು ದೊರೆತರೆ ಗೋಡೆಯನ್ನು ತೆರೆಯಲಿ. ದೊರೆಯದಿದ್ದರೆ ಆ ಜಾಗದಲ್ಲಿ ಒಳ್ಳೆಯ ಚಿತ್ರವೊಂದನ್ನು ತೂಗುಹಾಕಲಿ.