ಜಾತ್ರೆಗೆ ಕರೆಯೋಲೆ ಬೇಕೇ?



ತೊಗರಿ ರಾಶಿ ಮುಗಿದು, ಹಿಂಗಾರಿ ಜೋಳ ಮನೆ ಸೇರುವ ಹೊತ್ತಿದು. ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟುತ್ತಿದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಈಗ ಅವಳ ಬಾಯಲ್ಲಿ ಒಂದೇ ಮಾತು, ಗ್ಯಾದರಿಂಗ್! ಆಮಂತ್ರಣ ಪತ್ರಿಕೆಯಲ್ಲಿ 'ವಾರ್ಷಿಕ ಸ್ನೇಹ ಸಮ್ಮೇಳನ' ಎಂದು ಅಚ್ಚಾಗಿದ್ದರೂ ನಮ್ಮ ಆಳಂದ, ನರೋಣಾ ಸೀಮೆಯವರಿಗೆ ಅದು ಗ್ಯಾದರಿಂಗೇ. ಟ್ರಂಕಿನಲ್ಲಿದ್ದ ನಿಮ್ಮ ರೇಷ್ಮೆ ಸೀರೆ ಮಾಯವಾಗುವುದೂ ಆಗಲೇ.

ಸೀರೆಯೇನೋ ಹೋಗುತ್ತದೆ. ಸೀರೆಯ ಒಡತಿ ಹೋಗುತ್ತಾಳೆಯೇ?

ನರೋಣಾ ಕಡೆಯ ನನ್ನ ಗೆಳತಿಯೊಬ್ಬಳನ್ನು ಹೀಗೆ ಕೇಳಿದೆ. "ನಾ ಹೋಗಿ ಏನ್ ಮಾಡ್ಲೆವ್ವಾ? ನನಗ ಓದ್ಲಿಕ್ಕ ಬರಂಗಿಲ್ಲ. ಗೇಟಿನ್ಯಾಗ ಯಾರರೆ 'ಯಾರು ಬೇಕು' ಅಂದ್ರ ಏನಂತ ಹೇಳ್ಲಿ?" ಎಂದಳು. ಮಗಳು ಬಿ.ಎ. ಮೂರನೆಯ ವರ್ಷದಲ್ಲಿದ್ದಾಳೆ. ತಾಯಿ ಆ ಕಟ್ಟಡದ ಬಾಗಿಲನ್ನೂ ನೋಡಿಲ್ಲ!

ಇದೇ ಗೆಳತಿ ಪ್ರತಿವರ್ಷ ಹೋಳಿಯಾದ ಐದನೆಯ ದಿನ ಕಲಬುರಗಿಯ ಶರಣಬಸವೇಶ್ವರ ತೇರಿಗೆ ತಪ್ಪದೆ ಹೋಗುತ್ತಾಳೆ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಗೆ ಬಂದು, ಬಂದವರಿಗೆಲ್ಲ ಅನ್ನ ನೀಡಿ 1822ರಲ್ಲಿ ಲಿಂಗೈಕ್ಯರಾದ ಶರಣರ ಜಾತ್ರೆ ಅದು. ಅಲ್ಲಿ ಗೇಟೂ ಇಲ್ಲ, ಕರೆಯೋಲೆಯೂ ಇಲ್ಲ. ಆ ಸಂಸ್ಥಾನದವರು ಅನ್ನದಾಸೋಹದ ಜೊತೆಗೆ ವಿದ್ಯೆಯ ದಾಸೋಹವನ್ನೂ ಕೈಗೊಂಡರು. ನಿಜಾಮರ ಆಳ್ವಿಕೆಯಲ್ಲೇ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ತೇರು ನಮ್ಮದಾದರೆ ಕಾಲೇಜೂ ನಮ್ಮದೇ ಅಲ್ಲವೇ?

ಶಾಂತಿನಿಕೇತನದ ವಸಂತೋತ್ಸವದ ಹೆಸರನ್ನು ನೀವು ಕೇಳಿರಬಹುದು. 1907ರಲ್ಲಿ ರವೀಂದ್ರನಾಥ ಠಾಕೂರರ ಕಿರಿಯ ಮಗ ಶಮೀಂದ್ರನಾಥ ಗೆಳೆಯರನ್ನು ಕಟ್ಟಿಕೊಂಡು ಆಡಿದ ಋತುವಿನ ಆಟವೇ ಅದಕ್ಕೆ ಮೊದಲು. ಅದೇ ವರ್ಷ ಆ ಹುಡುಗ ತೀರಿಕೊಂಡ. ಹಬ್ಬ ಮಾತ್ರ ಉಳಿದು, ಸಾವಿರಾರು ಜನ ಬರುವಷ್ಟು ಬೆಳೆಯಿತು. ಇತ್ತೀಚಿನ ವರ್ಷಗಳಲ್ಲಿ ನೂಕುನುಗ್ಗಲಿಗೆ ಹೆದರಿ ಹೊರಗಿನವರನ್ನು ತಡೆದದ್ದೂ ಉಂಟು. ಅಲ್ಲಿ ಜನ ಹೆಚ್ಚಾದದ್ದೇ ಕಷ್ಟ. ನಮ್ಮಲ್ಲಿ ತಾಯಂದಿರ ಕುರ್ಚಿಗಳೇ ಖಾಲಿ!

ಕಾಲೇಜು ತಾನಾಗಿ ಊರಿಗೆ ಬರುವುದೂ ಇದೆ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಇದರ ವಿದ್ಯಾರ್ಥಿಗಳು ಹಳ್ಳಿಯಲ್ಲಿ 7 ದಿನ ಬೀಡುಬಿಟ್ಟು, ಹಗಲು ಚರಂಡಿ, ರಸ್ತೆ, ಗುಡಿಯ ಅಂಗಳ ಸ್ವಚ್ಛ ಮಾಡಿ, ಸಂಜೆ ಹಾಡು, ನಾಟಕ ಆಡುತ್ತಾರೆ. ನಿಮ್ಮೂರಿಗೆ ಬಂದರೆ ನಾಲ್ಕು ರೊಟ್ಟಿ ಹೆಚ್ಚು ಬಡಿಯಿರಿ. ಹಾಗೆಯೇ ಹುಡುಗಿಯರನ್ನು ಮಾತಿಗೆಳೆಯಿರಿ. ಹಾಸ್ಟೆಲು ಹೇಗೆ, ವಿದ್ಯಾರ್ಥಿವೇತನ ಎಲ್ಲಿ ಸಿಗುತ್ತದೆ ಎಂಬುದನ್ನು ಅವರಷ್ಟು ಬಿಡಿಸಿ ಹೇಳುವವರಿಲ್ಲ. ನಮ್ಮ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಸ್ಥಾಪನೆಯಾದದ್ದು 2009ರಲ್ಲಿ. ದೂರದ ರಾಜ್ಯಗಳ ಮಕ್ಕಳು ಅಲ್ಲಿಗೆ ಬಂದು ಓದುತ್ತಾರೆ. ಬಸ್ಸಿನ ಕಿಟಕಿಯಿಂದ ಅದನ್ನು ನೋಡುವ ನಮ್ಮ ಮಕ್ಕಳು ಒಳಗೂ ಹೋಗಬೇಡವೇ?

ಗೆಳತಿಯ ಕಥೆ ಏನಾಯಿತು ಎನ್ನುತ್ತೀರಾ? ನನ್ನ ಒತ್ತಾಯಕ್ಕೆ ಹೋದಳು. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತಳು. ಮಗಳು ವೇದಿಕೆಯ ಮೇಲೆ ನಿಂತು, ಚೀಟಿ ನೋಡದೆ ವಂದನಾರ್ಪಣೆ ಮಾಡಿದಳು. ಮುಗಿದ ಮೇಲೆ ಉಪಾಧ್ಯಾಯಿನಿಯೊಬ್ಬರು ಬಳಿಗೆ ಬಂದು, "ಹುಡುಗಿ ಛಲೋ ಓದ್ತಾಳ್ರೀ, ಬಿ.ಎಡ್. ಮಾಡಿಸ್ರಿ" ಎಂದರು.

ಮನೆಯಲ್ಲಿ ಬೇಸಿಗೆಗೇ ಮದುವೆ ಎಂಬ ಮಾತು ನಡೆದಿತ್ತು. ಅಲ್ಲಿಯವರೆಗೆ ಸುಮ್ಮನಿದ್ದವಳು ಅಂದು ರಾತ್ರಿ ಊಟಕ್ಕೆ ಬಡಿಸುತ್ತಾ, "ಎರಡು ವರ್ಷ ತಡೀರಿ. ನಾ ಕಣ್ಣಾರೆ ನೋಡಿ ಬಂದೀನಿ" ಎಂದಳಂತೆ. ತೀರ್ಮಾನ ಇನ್ನೂ ಆಗಿಲ್ಲ. ಆದರೆ ಮಾತಿನಲ್ಲಿ ಈಗ ಅವಳಿಗೂ ಒಂದು ಪಾಲಿದೆ. ಕಾಣದ ಕಾಲೇಜಿನ ಪರವಾಗಿ ಯಾವ ತಾಯಿ ತಾನೇ ವಾದಿಸಿಯಾಳು?

ಆದ್ದರಿಂದ ಸೋದರಿಯರೇ, ಈ ಸಲ ಹೊರಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಗುರುತಿನ ಚೀಟಿ ಇರಲಿ. ಒಬ್ಬರೇ ಹೋಗಲು ಸಂಕೋಚವಾದರೆ ಓಣಿಯ ನಾಲ್ವರು ಕೂಡಿ ಹೋಗಿ. ಗೇಟಿನಲ್ಲಿ ಕೇಳಿದರೆ, "ನಾನು ಇಂಥವಳ ತಾಯಿ" ಎನ್ನಿ. ಅದಕ್ಕಿಂತ ದೊಡ್ಡ ಪರಿಚಯ ಬೇಕೇ?

ಬರಿಗೈಯಲ್ಲಿ ಹೋಗಬೇಡಿ. ಶೇಂಗಾ ಹೋಳಿಗೆ ಒಯ್ಯಿರಿ. ಎರಡು ಬಟ್ಟಲು ಶೇಂಗಾ ಹುರಿದು ಸಿಪ್ಪೆ ತೆಗೆದು, ಒಂದೂವರೆ ಬಟ್ಟಲು ಬೆಲ್ಲ, ಎರಡು ಚಮಚ ಹುರಿದ ಎಳ್ಳು, ಏಲಕ್ಕಿ ಸೇರಿಸಿ ಕುಟ್ಟಿ. ನೀರು ಸೋಕಿಸಬೇಡಿ. ಗೋಧಿ ಹಿಟ್ಟಿಗೆ ಹಿಡಿ ಚಿರೋಟಿ ರವೆ ಬೆರೆಸಿ ಕಣಕ ಕಲಸಿ, ಅರ್ಧ ಗಂಟೆ ನೆನೆಯಲು ಬಿಡಿ. ಹೂರಣ ತುಂಬಿ ತೆಳ್ಳಗೆ ಲಟ್ಟಿಸಿ, ಸಣ್ಣ ಉರಿಯಲ್ಲಿ ಗರಿಯಾಗುವಂತೆ ಬೇಯಿಸಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ಎಂಟು ದಿನ ಕೆಡುವುದಿಲ್ಲ. ಮಗಳ ಗೆಳತಿಯರ ಕೈಗೆ ಒಂದೊಂದು ಇಡಿ. ಆಮೇಲೆ ಮುಂದಿನ ವರ್ಷ ನಿಮ್ಮನ್ನು ಕರೆಯುವವರು ಅವರೇ.

ಹಾಂ, ಆ ರೇಷ್ಮೆ ಸೀರೆ ಮಗಳಿಗೇ ಇರಲಿ. ನೀವು ಇಳಕಲ್ಲು ಉಟ್ಟು ಹೋಗಿ. ಮುಂದಿನ ಸಾಲಿನಲ್ಲೇ ಕೂಡಿರಿ!